ಇನ್ನೊಂದು ಸಲ ಒತ್ತಿದ್ದು

ಹಾರ್ಲನ್ ಸ್ಟಿಲ್ಟ್ನರ್ ಮೂರನೇ ಮಶೀನಿನ ಮುಂದೆ ಕೂತು ಗುಂಡಿ ಒತ್ತುತ್ತಿದ್ದಾಗ ಗ್ಲೆನ್ನಾ ಅವನದೇ ಮುಖವನ್ನು ತಂದು ಎದುರಿನ ಗೋಡೆಗೆ ಅಂಟಿಸಿದಳು.

ಕಿಟಕಿಯಷ್ಟು ದೊಡ್ಡ ಪೋಸ್ಟರ್. ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಜೂಜಾಡುವವರು ರಸ್ತೆಗೆ ಕಾಣಬಾರದು ಎಂದು ಸರ್ಕಾರದ ಕಾನೂನು. ಮುಂದೆ ಗ್ಲೆನ್ನಾಳ ಕಾಫಿ ಅಂಗಡಿ, ಹಿಂದೆ ಒಂದು ಬಾಗಿಲು, ಬಾಗಿಲಾಚೆ ಐದು ಜೂಜಿನ ಮಶೀನು. ಬೋಳು ಗೋಡೆಗೇನೂ ಬರವಿರಲಿಲ್ಲ. ಪೋಸ್ಟರಿನಲ್ಲಿ ಹಾರ್ಲನ್ ಮಾಜಿ ಸೈನಿಕರ ಟೋಪಿ ಹಾಕಿಕೊಂಡು, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗುವಂತೆ ಕೂತಿದ್ದಾನೆ. ಹಿಂದೆ ನಿಂತ ನಾಲ್ಕು ವರ್ಷದ ಮೊಮ್ಮಗಳು ಟಿಲ್ಲಿ, ಮೂಗಿಗೆ ನೀಲಿ ಬಣ್ಣ ಮೆತ್ತಿಕೊಂಡು, ಅವನ ಹೆಗಲ ಮೇಲೆ ಕೈಯಿಟ್ಟು ನಗುತ್ತಿದ್ದಾಳೆ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ನೀವು ಆಡುತ್ತೀರಿ. ಇವರು ಗೆಲ್ಲುತ್ತಾರೆ.’

ಪಕ್ಕದ ಮಶೀನಿನಲ್ಲಿದ್ದ ಎಲ್ಡನ್ ಕನ್ನಡಕ ಹಣೆಗೇರಿಸಿಕೊಂಡು ಓದಿದ. ಅವನೂ ಹಾರ್ಲನ್‌ನ ಹಾಗೆ ವಿಯೆಟ್ನಾಮಿಗೆ ಹೋಗಿ ಬಂದವನು, ಒಂದು ಕಿವಿ ಅಲ್ಲೇ ಬಿಟ್ಟು ಬಂದವನು.

"ಲೋ ಹಾರ್ಲನ್, ಈ ಕೋಣೇಲಿ ನೀನು ಗೆದ್ದಿದ್ದು ಅಂದ್ರೆ ಇದೊಂದೇ ನೋಡು."

"ಅಂಟಿಸಲೇಬೇಕಾ ಗ್ಲೆನ್ನಾ?" ಎಂದ ಹಾರ್ಲನ್.

"ಹೊರಬಾಗಿಲಿಗೂ ಒಂದು ಅಂಟಿಸಿ ಬಂದೆ. ಲಾಟರಿ ಇಲಾಖೆಯೋರು ಎರಡು ಕಳ್ಸಿದಾರೆ. ತೆಗೆದ್ರೆ ದಂಡ ಹಾಕ್ತಾರಂತೆ. ಸುಮ್ನಿರು, ಚೆನ್ನಾಗೇ ಬಂದಿದೀಯ. ಮದುವೆ ಫೋಟೋದಲ್ಲೂ ಇಷ್ಟು ನಕ್ಕಿರ್ಲಿಲ್ಲ ನೀನು."

"ಇವನು ನಗೋದು ಸರ್ಕಾರಿ ಖರ್ಚಲ್ಲಿ ಮಾತ್ರ" ಎಂದ ಎಲ್ಡನ್.

ಹಾರ್ಲನ್ ನಕ್ಕ. ನಗದೆ ಇನ್ನೇನು ಮಾಡಿಯಾನು? ಆದರೆ ಅವತ್ತು ಅವನು ಮೂರನೇ ಮಶೀನು ಬಿಟ್ಟು ಐದನೆಯದಕ್ಕೆ ಹೋಗಿ ಕೂತ. ಅಲ್ಲಿಂದ ಪೋಸ್ಟರ್ ಬೆನ್ನಿಗೆ ಬರುತ್ತಿತ್ತು. ಬೆನ್ನಿಗೆ ಬಂದರೂ ಅದು ಅಲ್ಲಿದೆ ಎಂಬುದು ಹೋಗಲಿಲ್ಲ. ಎರಡು ಸಲ ಅವನ ಕೈ ತಾನಾಗಿ ಹೆಗಲಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಜಾತಿಯವನೇ.

ಆ ಫೋಟೋ ತೆಗೆದದ್ದು ಹಿಂದಿನ ನವೆಂಬರಿನಲ್ಲಿ. ಮಾಜಿ ಸೈನಿಕರ ದಿನಕ್ಕೆ ಶಿಶುವಿಹಾರದ ಪ್ರತಿ ಮಗುವೂ ತನಗೆ ಗೊತ್ತಿರುವ ಒಬ್ಬ ಸೈನಿಕನನ್ನು ಕರೆತಂದು, ಎಲ್ಲರೆದುರು ಹೆಸರು ಹೇಳಿ, ಪಕ್ಕದಲ್ಲಿ ನಿಲ್ಲುವುದು ಊರಿನ ಪದ್ಧತಿ. ಟಿಲ್ಲಿ ತಾತನನ್ನು ಕರೆದೊಯ್ದಿದ್ದಳು. "ಇವರು ನಮ್ ತಾತ ಹಾರ್ಲನ್. ಇವರು ಯುದ್ಧದಲ್ಲಿ ಬ್ರೆಡ್ ಮಾಡಿದ್ರು" ಎಂದಳು. ಅದು ನಿಜ. ಹಾರ್ಲನ್ ಒಂದು ವರ್ಷ ಸೈನ್ಯದ ಬೇಕರಿಯಲ್ಲಿ ಹಿಟ್ಟು ನಾದಿದ್ದ. ಬಂದೂಕು ಹಿಡಿದದ್ದು ತರಬೇತಿಯಲ್ಲಿ ಮಾತ್ರ. ಅಂಗಡಿ ಬೀದಿಯಲ್ಲಿ ಯಾರಾದರೂ ಅವನ ಟೋಪಿ ನೋಡಿ ಕೈಕುಲುಕಿ ಧನ್ಯವಾದ ಹೇಳಿದರೆ ಐವತ್ತು ವರ್ಷದ ಮೇಲೂ ಅವನ ಕಿವಿ ಕೆಂಪಾಗುತ್ತಿತ್ತು. ಮಕ್ಕಳು ಮಾತ್ರ ಬ್ರೆಡ್ ಅಂದ ಕೂಡಲೇ ಜೋರಾಗಿ ಚಪ್ಪಾಳೆ ಹೊಡೆದವು. ಬ್ರೆಡ್ಡಿನ ಬೆಲೆ ಮಕ್ಕಳಿಗೆ ಗೊತ್ತು.

ಆ ದಿನ ರಾಜಧಾನಿಯಿಂದ ಲಾಟರಿ ಇಲಾಖೆಯ ಹೆಂಗಸೊಬ್ಬಳು ಕ್ಯಾಮೆರಾದವನ ಜೊತೆ ಬಂದಿದ್ದಳು. ಆ ಶಿಶುವಿಹಾರದ ಕೋಣೆ, ಅದರ ಪುಟ್ಟ ಕುರ್ಚಿಗಳು, ಟೀಚರ ಸಂಬಳ ಎಲ್ಲ ಲಾಟರಿ ಮತ್ತು ಮಶೀನುಗಳ ದುಡ್ಡಿನಲ್ಲೇ ನಡೆಯುತ್ತಿದ್ದದ್ದು. ವಾರಕ್ಕೊಮ್ಮೆ ಹಾರ್ಲನ್‌ನಂಥ ಏಳೆಂಟು ಮುದುಕರನ್ನು ಎರಡು ತಾಸಿನ ದಾರಿಯ ಸೈನಿಕರ ಆಸ್ಪತ್ರೆಗೆ ಪುಕ್ಕಟೆ ಕರೆದೊಯ್ಯುವ ವ್ಯಾನೂ ಅದೇ ದುಡ್ಡಿನದು. ಒಂದೇ ಫೋಟೋದಲ್ಲಿ ಮುದುಕ ಸೈನಿಕನೂ ಶಿಶುವಿಹಾರದ ಮಗುವೂ ಸಿಕ್ಕಿದ್ದು ಆಕೆಗೆ ಹಬ್ಬವಾಯಿತು.

ಕಾಗದಗಳಿಗೆ ಸಹಿ ಹಾಕಿಸಿಕೊಂಡು ಕೊನೆಗೆ ಆಕೆ ಕೇಳಿದಳು: "ತಪ್ಪು ತಿಳ್ಕೋಬೇಡಿ, ಇದು ನಿಯಮ, ಎಲ್ರನ್ನೂ ಕೇಳ್ತೀವಿ. ನಿಮಗೆ ಆಡೋ ಚಟ ಏನಾದ್ರೂ ಇದೆಯಾ? ಆಮೇಲೆ ಪತ್ರಿಕೆಯವರು ಏನಾದ್ರೂ ಬರೆದ್ರೆ ನಮಗೆ ಮುಜುಗರ ಆಗುತ್ತೆ."

ಹಾರ್ಲನ್‌ನ ಮಗಳು, ಟಿಲ್ಲಿಯ ತಾಯಿ ಡ್ರೆಮಾ, ಪಕ್ಕದಲ್ಲೇ ನಿಂತಿದ್ದಳು. ವೃದ್ಧಾಶ್ರಮದ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು, ಸಮವಸ್ತ್ರದಲ್ಲೇ.

"ಇಲ್ಲಮ್ಮ" ಎಂದ ಹಾರ್ಲನ್. "ಅಂಥದ್ದೇನೂ ಇಲ್ಲ."

ಡ್ರೆಮಾ ಅವನ ತೋಳು ಹಿಡಿದು ಮೆಲ್ಲಗೆ ಅದುಮಿದಳು. ಹೆಮ್ಮೆಯಿಂದ ಅದುಮಿದ್ದು. ಮೂರು ಚಳಿಗಾಲದ ಹಿಂದೆ ಅವನು ಸತ್ತ ಹೆಂಡತಿ ಇಮೋಜೀನಳ ಹೊಲಿಗೆ ಯಂತ್ರವನ್ನು ಮಾರಿ ಮಶೀನಿಗೆ ಸುರಿದು, ಚರ್ಚಿಗೆ ಕೊಟ್ಟೆ ಎಂದು ಮಗಳಿಗೆ ಹೇಳಿದ್ದ. ಡ್ರೆಮಾ ಅದನ್ನು ಹಳೇ ಸಾಮಾನಿನ ಅಂಗಡಿಯ ಗಾಜಿನ ಹಿಂದೆ ನೋಡಿದ್ದಳು, ಇಮೋಜೀನ್ ಅಂಟಿಸಿದ್ದ ಗುಲಾಬಿ ಚೀಟಿಯ ಸಮೇತ. ಆವತ್ತು ಅವನು ಬೈಬಲ್ ಮುಟ್ಟಿ ಆಣೆ ಮಾಡಿದ. ಆಣೆ ಒಂದು ಬೇಸಿಗೆ ಬಾಳಿತು. ಆಮೇಲೆ ವ್ಯಾನು ಶುರುವಾಯಿತು.

ವ್ಯಾನಿನ ಮುದುಕರಿಗೊಂದು ಒಳಗುಟ್ಟಿತ್ತು. ಆಸ್ಪತ್ರೆಯಿಂದ ವಾಪಸು ಬರುವಾಗ ವ್ಯಾನು ಎಲ್ಲೂ ನಿಲ್ಲಬಾರದು ಎಂಬುದು ನಿಯಮ. ಗ್ಲೆನ್ನಾಳ ಅಂಗಡಿಯಲ್ಲಿ ‘ಕಾಫಿಗೆ’ ಒಂದು ತಾಸು ನಿಲ್ಲುವುದು ಪದ್ಧತಿ. ವ್ಯಾನು ಓಡಿಸುವವನೂ ಮಾಜಿ ಸೈನಿಕನೇ, ಅವನದು ಎರಡನೇ ಮಶೀನು. ಮನೆಯಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಆಸ್ಪತ್ರೆಯಲ್ಲಿ ತಡ ಆಯ್ತು. ಊರಿನ ಹೆಂಡಂದಿರೂ ಮಕ್ಕಳೂ ಆ ಆಸ್ಪತ್ರೆಯನ್ನು ಎಷ್ಟು ಬೈದರೋ ಲೆಕ್ಕವಿಲ್ಲ, ಪಾಪ, ಅಲ್ಲಿನ ಡಾಕ್ಟರುಗಳು ಹೊತ್ತಿಗೆ ಸರಿಯಾಗೇ ಕಳಿಸುತ್ತಿದ್ದರು. ಡ್ರೆಮಾ ಒಂದು ಸಲ ದೂರಿನ ಪತ್ರವನ್ನೇ ಬರೆಯಲು ಕೂತಿದ್ದಳು. ಹಾರ್ಲನ್ ಬೇಡ ಎಂದು ತಡೆದ. ಅಪ್ಪ ಎಷ್ಟು ತಾಳ್ಮೆಯವನು ಎಂದು ಅವಳು ಅಂದುಕೊಂಡಳು.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತನ್ನು ಯಾರು ಕಟ್ಟಿದರೋ, ಈ ಐದು ಮಶೀನುಗಳ ಕೋಣೆಯನ್ನು ನೋಡಿಯೇ ಕಟ್ಟಿರಬೇಕು. ಅಲ್ಲಿ ಕೂತವರೆಲ್ಲ ಸೇರಿ ಊರಿನ ಅಷ್ಟೂ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು, ತಮ್ಮನ್ನು ತಾವೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ತಮ್ಮ ಮನೆಯವರಿಗೆ ಮಾತ್ರ ಮುಖ ತೋರಿಸಲಾರದೆ ಹೋಗುತ್ತಿದ್ದರು.

ಪೋಸ್ಟರ್ ಅಂಟಿದ ಮೇಲೆ ಟಿಲ್ಲಿಗೆ ಹೊಸ ಆಟ ಸಿಕ್ಕಿತು. ವ್ಯಾನಿನ ದಿನ ಬಿಟ್ಟು ಉಳಿದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಅವಳನ್ನು ಶಿಶುವಿಹಾರದಿಂದ ಕರೆತರುವುದು ಹಾರ್ಲನ್‌ನ ಕೆಲಸ. ಮಗಳು ಮೊಮ್ಮಗಳ ಜೊತೆ ಇದ್ದ ಆ ಮನೆಯಲ್ಲಿ ಅವನಿಗೆ ಅಂತ ಉಳಿದಿದ್ದ ಕೆಲಸ ಅದೊಂದೇ, ಅವನು ಬೆಳಿಗ್ಗೆ ಎದ್ದು ಗಡ್ಡ ಹೆರೆಯುತ್ತಿದ್ದದ್ದೇ ಅದಕ್ಕಾಗಿ. ಪಿಕಪ್ ಗಾಡಿ ಗ್ಲೆನ್ನಾಳ ಅಂಗಡಿ ದಾಟುವಾಗ ಅವಳು ಕಿಟಕಿಯಿಂದ ಕೈಬೀಸುತ್ತಿದ್ದಳು.

"ತಾತ, ಅದು ನಮ್ ಫೋಟೋ ಮನೆ. ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ ಕಂದ. ಕಾಫಿ ಅಂಗ್ಡಿ ಅಷ್ಟೇ."

"ಮತ್ತೆ ನಾವ್ಯಾಕೆ ಹೋಗಲ್ಲ?"

"ನೀನು ಕಾಫಿ ಕುಡೀತೀಯಾ?"

ಟಿಲ್ಲಿ ಮುಖ ಸಿಂಡರಿಸುತ್ತಿದ್ದಳು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅವಳು ಮಲಗಿದ ಮೇಲೆ ಹಾರ್ಲನ್ ತನಗೆ ತಾನೇ ಹೇಳಿಕೊಳ್ಳುತ್ತಿದ್ದ: ವ್ಯಾನಿನ ದಿನ ಮಾತ್ರ, ಮಗುವನ್ನು ಕರೆತರುವ ದಿನ ಖಂಡಿತ ಇಲ್ಲ. ಆ ಗೆರೆಯನ್ನು ಅವನು ಆ ಚಳಿಗಾಲ ಪೂರ್ತಿ ದಾಟಲಿಲ್ಲ. ಅದನ್ನೇ ದೊಡ್ಡ ಮರ್ಯಾದೆ ಎಂದುಕೊಂಡಿದ್ದ.

ಮಾರ್ಚಿನ ಒಂದು ಗುರುವಾರ ಗೆರೆ ದಾಟಿದ. ದೊಡ್ಡ ಕಾರಣವೇನಿರಲಿಲ್ಲ. ಗಾಡಿಗೆ ಪೆಟ್ರೋಲು ಹಾಕಿಸಲು ಬಂದಿದ್ದ, ಗಂಟೆ ಹನ್ನೊಂದೂ ಕಾಲು, ಶಿಶುವಿಹಾರ ಐದು ನಿಮಿಷದ ದಾರಿ. ಅರ್ಧ ಗಂಟೆ ಏನು ಮಾಡುವುದು ಎಂದು ಗ್ಲೆನ್ನಾಳ ಬಾಗಿಲು ತಳ್ಳಿದ. ತಳ್ಳುವಾಗ ಅಂಗೈ ಪೋಸ್ಟರಿನ ಟಿಲ್ಲಿಯ ಕೆನ್ನೆಯ ಮೇಲೆ ಬಿತ್ತು. ಅದೂ ಅವನಿಗೆ ಗೊತ್ತಾಯಿತು.

ಕಿಟಕಿಯಿಲ್ಲದ ಕೋಣೆಯಲ್ಲಿ ಹೊತ್ತು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಗೋಡೆಗೆ ಗಡಿಯಾರವನ್ನೂ ಹಾಕಿರಲಿಲ್ಲ. ಮೊದಲು ಸ್ವಲ್ಪ ಬಂತು, ಆಮೇಲೆ ಹೋಯಿತು, ಹೋದದ್ದು ಅರ್ಧ ಬಂತು, ಇನ್ನರ್ಧ ಬಂದರೆ ಏಳೋಣ ಎಂದುಕೊಂಡ. ಫೋನು ಗಾಡಿಯಲ್ಲೇ ಬಿಟ್ಟಿದ್ದ. ಗ್ಲೆನ್ನಾ ಬ್ರೆಡ್ಡಿನೊಳಗೆ ಮಾಂಸ ತುಂಬಿದ ಒಂದು ಪೆಪ್ಪರೋನಿ ರೋಲು ತಂದಿಟ್ಟಳು. ಅದು ತಟ್ಟೆಯಲ್ಲೇ ತಣ್ಣಗಾಯಿತು.

ಅತ್ತ ಶಿಶುವಿಹಾರದಲ್ಲಿ ಮಕ್ಕಳೆಲ್ಲ ಹೋದರು. ಟಿಲ್ಲಿ ಕೋಟು ಹಾಕಿಕೊಂಡು, ಬೆನ್ನಿಗೆ ಚೀಲ ಏರಿಸಿಕೊಂಡು, ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು. ಹನ್ನೆರಡೂವರೆಗೆ ಟೀಚರ್ ಮಿಸ್ ಕೋರಾ ಹಾರ್ಲನ್‌ಗೆ ಫೋನು ಮಾಡಿದರು. ಒಂದು ಗಂಟೆಗೆ ಡ್ರೆಮಾಗೆ ಮಾಡಿದರು. ಡ್ರೆಮಾ ಒಬ್ಬ ಅಜ್ಜಿಗೆ ಸ್ನಾನ ಮಾಡಿಸುವುದನ್ನು ಅರ್ಧಕ್ಕೆ ಬಿಟ್ಟು, ಅಪ್ಪ ಎಲ್ಲೋ ಎದೆ ಹಿಡಿದು ಬಿದ್ದಿರಬೇಕು ಎಂದು ಅಳುತ್ತಾ ಮನೆಗೆ ಓಡಿದಳು. ಮಿಸ್ ಕೋರಾ ತಾವೇ ಟಿಲ್ಲಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಅದೇ ಕಡೆ ಹೊರಟರು.

ಗ್ಲೆನ್ನಾಳ ಅಂಗಡಿ ದಾಟುವಾಗ ಟಿಲ್ಲಿ, "ಅಗೋ ತಾತನ ಗಾಡಿ, ನಮ್ ಫೋಟೋ ಮನೆ ಹತ್ರ" ಎಂದಳು.

ಒಳಗೆ ಗ್ಲೆನ್ನಾ ಮಶೀನಿನ ಕೋಣೆಯ ಬಾಗಿಲಲ್ಲಿ ನಿಂತು ಕರೆದಳು. ಅವಳ ದನಿಯಲ್ಲಿ ಯಾವತ್ತಿನ ತಮಾಷೆ ಇರಲಿಲ್ಲ.

"ಹಾರ್ಲನ್, ಹೊರಗೆ ಟಿಲ್ಲಿ ನಿಂತಿದೆ. ಟೀಚರೂ ಬಂದಿದಾರೆ. ಮಕ್ಕಳನ್ನ ಒಳಗೆ ಬಿಡೋ ಹಾಗಿಲ್ಲ, ನೀನೇ ಬಾ. ಒಂದೂ ಇಪ್ಪತ್ತಾಗಿದೆ."

ಅವನಿಗೆ ಕೇಳಿಸಿತು. ಪ್ರತಿಯೊಂದು ಮಾತೂ ಕೇಳಿಸಿತು. ಆದರೂ ಏಳುವ ಮೊದಲು ಅವನ ಬೆರಳು ಇನ್ನೊಂದು ಸಲ ಗುಂಡಿ ಒತ್ತಿತು. ಬೆರಳು ಒತ್ತಿತು ಎನ್ನುವುದು ಕಥೆ ಹೇಳುವವರ ದಾಕ್ಷಿಣ್ಯ. ಅವನೇ ಒತ್ತಿದ. ಒತ್ತಿ, ಚಿತ್ರಗಳು ತಿರುಗಿ ನಿಲ್ಲುವವರೆಗೆ ನೋಡಿ, ಏನೂ ಬರಲಿಲ್ಲ ಎಂದು ಖಾತ್ರಿಯಾದ ಮೇಲೆ ಎದ್ದ.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಟಿಲ್ಲಿ ಅತ್ತಿರಲಿಲ್ಲ. ಅವಳು ಬಾಗಿಲ ಪೋಸ್ಟರಿನ ಮುಂದೆ ನಿಂತು ತನ್ನ ಮೂಗಿನ ನೀಲಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು.

"ತಾತ, ನಾನು ತುಂಬ ಹೊತ್ತು ಕೂತಿದ್ದೆ" ಎಂದಳು, ದೂರು ಹೇಳುವಂತಲ್ಲ, ಸುದ್ದಿ ಹೇಳುವಂತೆ. ಆಮೇಲೆ ತಲೆಯೆತ್ತಿ ಕೇಳಿದಳು: "ಈ ಮನೇಲಿ ಆಡೋರು ನಮ್ ಶಾಲೆಗೆ ಬಣ್ಣದ ಕಡ್ಡಿ ಕೊಡಿಸ್ತಾರೆ ಅಂತ ಆ ಫೋಟೋದ ಆಂಟಿ ಹೇಳಿದ್ರು. ನೀನು ನಂಗೆ ಬಣ್ಣದ ಕಡ್ಡಿಗೆ ಆಡ್ತಿದ್ಯಾ?"

ಮಿಸ್ ಕೋರಾ ಮುಖ ರಸ್ತೆಯ ಕಡೆ ತಿರುಗಿಸಿಕೊಂಡರು. ಮೂವತ್ತು ವರ್ಷವೂ ತುಂಬಿರದ ಹೆಣ್ಣುಮಗಳು. ತಾತನ ವಯಸ್ಸಿನವನ ಮಾನ ಕಾಯಲು ಆಕೆಗೆ ತೋಚಿದ್ದು ಅಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹೂಂ ಕಂದ" ಎಂದ ಹಾರ್ಲನ್.

ಮಗು ಕೈನೀಡಿ ಕೊಟ್ಟ ನೆಪವನ್ನು ಅವನು ಹಾಗೇ ತೆಗೆದುಕೊಂಡ.

"ಸ್ಟಿಲ್ಟ್ನರ್ ಅವರೇ, ಡ್ರೆಮಾಗೆ ಒಂದು ಫೋನ್ ಮಾಡಿಬಿಡಿ" ಎಂದರು ಮಿಸ್ ಕೋರಾ, ಇನ್ನೂ ರಸ್ತೆಯನ್ನೇ ನೋಡುತ್ತಾ. "ನಿಮಗೇನೋ ಆಗಿದೆ ಅಂತ ಹೆದರಿದಾರೆ."

ಸಂಜೆ ಊಟಕ್ಕೆ ಬೀನ್ಸ್ ಬೇಯಿಸಿ, ಮೆಕ್ಕೆಜೋಳದ ಬ್ರೆಡ್ ಮಾಡಿದ್ದಳು ಡ್ರೆಮಾ. ಟಿಲ್ಲಿಯೇ ಎಲ್ಲವನ್ನೂ ವರದಿ ಮಾಡಿದಳು. ತಾತ ಫೋಟೋ ಮನೆಯಲ್ಲಿದ್ದ, ತಾತ ಬಣ್ಣದ ಕಡ್ಡಿಗೆ ಆಡುತ್ತಿದ್ದ, ನೇರಳೆ ಮುಗಿದುಹೋಗಿದೆ, ನೇರಳೆ ಜಾಸ್ತಿ ಬೇಕು. ಡ್ರೆಮಾ ಅವಳ ತಟ್ಟೆಗೆ ಬೆಣ್ಣೆ ಹಾಕಿ, ತಿಂದ ಮೇಲೆ ಬಾಯಿ ಒರೆಸಿ, ಟೀವಿ ಮುಂದೆ ಕೂರಿಸಿ ಬಂದಳು. ಬಂದು ಅಪ್ಪನ ಎದುರು ಕೂತಳು.

"ಎಷ್ಟು ದಿನದಿಂದ?"

"ವ್ಯಾನು ಬಂದಾಗಿನಿಂದ."

"ಅಂದ್ರೆ ಆಸ್ಪತ್ರೇಲಿ ತಡ ಆಯ್ತು ಅಂದಿದ್ದು?"

ಅವನು ತಟ್ಟೆ ನೋಡಿದ.

"ನಾನು ಆ ಡಾಕ್ಟರಿಗೆ ಎಷ್ಟು ಶಾಪ ಹಾಕಿದೀನಿ ಗೊತ್ತಾ ಅಪ್ಪ?" ಅವಳು ನಗಲು ನೋಡಿದಳು, ಆಗಲಿಲ್ಲ. "ಅಮ್ಮನ ಹೊಲಿಗೆ ಮಶೀನು ಹೋಯ್ತು, ಹೋಗ್ಲಿ ಅಂದೆ. ಒಬ್ನೇ ಇದಾನೆ, ಬೇಜಾರು, ಅಂತ ನಾನೇ ನಿನ್ನ ಪರ ವಾದ ಮಾಡ್ಕೊಂಡೆ. ಆ ಹೆಂಗಸು ಚಟ ಇದೆಯಾ ಅಂತ ಕೇಳ್ದಾಗ ನಾನು ನಿನ್ನ ಪಕ್ಕದಲ್ಲೇ ಇದ್ದೆ. ತೋಳು ಹಿಡ್ಕೊಂಡಿದ್ದೆ."

"ಗೊತ್ತು."

"ನಿಂಗೆ ನಾಚಿಕೆ ಆಗ್ಲಿಲ್ವಾ?"

"ಆಯ್ತು."

"ಆದ್ರೂ?"

ನಾಚಿಕೆ ಇದ್ದವನು ತಪ್ಪು ಮಾಡುವುದಿಲ್ಲ ಎಂದು ದೊಡ್ಡವರು ಹೇಳುತ್ತಾರೆ. ಹಾರ್ಲನ್‌ಗೆ ನಾಚಿಕೆ ಆಗದ ದಿನವೇ ಇರಲಿಲ್ಲ. ಆ ನಾಚಿಕೆ ಮರೆಯುವುದಕ್ಕೂ ಅವನಿಗೆ ಗೊತ್ತಿದ್ದ ಜಾಗ ಆ ಕೋಣೆ ಒಂದೇ.

"ನಾಳೆಯಿಂದ ನೀನು ಟಿಲ್ಲೀನ ಕರ್ಕೊಂಡು ಬರೋದು ಬೇಡ. ಎದುರುಮನೆ ರೋಬರ್ಟಾಗೆ ಹೇಳಿದೀನಿ" ಎಂದಳು ಡ್ರೆಮಾ. ಕೂಗಲಿಲ್ಲ. ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಅಂಗೈಯಿಂದ ಒಟ್ಟುಮಾಡಿ ತೊಟ್ಟಿಗೆ ಹಾಕಿ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಹಾರ್ಲನ್ ಗಡ್ಡ ಹೆರೆಯಲಿಲ್ಲ. ಒಂಬತ್ತಕ್ಕೆ ಗ್ಲೆನ್ನಾಳ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಹೋದ. ಮಶೀನಿನ ಕೋಣೆಯ ಕಡೆ ಹೋಗದೆ ಕಾಫಿ ಕಟ್ಟೆಯ ಮುಂದೆ ನಿಂತ.

"ಆ ಅರ್ಜಿ ಇದ್ರೆ ಕೊಡು ಗ್ಲೆನ್ನಾ."

ಯಾವ ಅರ್ಜಿ ಎಂದು ಅವಳು ಕೇಳಲಿಲ್ಲ. ನನ್ನನ್ನು ಇನ್ನು ಮೇಲೆ ಒಳಗೆ ಬಿಡಬೇಡಿ ಎಂದು ಆಡುವವನು ತಾನೇ ಬರೆದುಕೊಡುವ ಅರ್ಜಿ. ಪ್ರತಿ ಮಶೀನು ಕೋಣೆಯಲ್ಲೂ ಅದಿರಬೇಕು ಎಂದು ಕಾನೂನಿತ್ತು. ಅವಳು ಅದನ್ನು ಸಕ್ಕರೆ ಡಬ್ಬಗಳ ಕೆಳಗಿಂದ ಎಳೆದಳು. ಮೇಲೆ ಧೂಳು ಕೂತಿತ್ತು.

"ಒಂಬತ್ತು ವರ್ಷದಲ್ಲಿ ನೀನೇ ಮೊದಲ್ನೆಯವನು" ಎಂದಳು. "ಯೋಚ್ನೆ ಮಾಡು. ಒಂದ್ಸಲ ಕಳಿಸಿದ್ರೆ ರಾಜ್ಯದಲ್ಲಿ ಎಲ್ಲೂ ಬಿಡಲ್ಲ. ಬದುಕಿರೋ ತನಕ."

"ಎಷ್ಟು ದಿನ ಬದುಕ್ತೀನಿ ಮಹಾ."

"ನಿನ್ನಂಥೋರು ಬರದಿದ್ರೆ ನಿನ್ನ ವ್ಯಾನಿಗೆ ಪೆಟ್ರೋಲ್ ಹಾಕೋರು ಯಾರು ಹೇಳು?" ಎಂದಳು. ಅವಳಿಗೆ ತಮಾಷೆಯಲ್ಲಿ ಶುರು ಮಾಡಿ ಅಭ್ಯಾಸ. ಅವನು ನಗದ್ದು ನೋಡಿ ಪೆನ್ನು ಮುಂದಿಟ್ಟಳು.

ಹೆಸರು, ವಿಳಾಸ, ಹುಟ್ಟಿದ ದಿನ ತುಂಬಿದ. ಎಲ್ಲಕ್ಕಿಂತ ಕೆಳಗೆ ‘ಕಾರಣ, ಹೇಳಲು ಇಷ್ಟವಿದ್ದರೆ’ ಎಂದು ಎರಡು ಗೆರೆ ಖಾಲಿ ಬಿಟ್ಟಿದ್ದರು. ಅಲ್ಲಿ ಪೆನ್ನು ನಿಂತಿತು.

"ಅದನ್ನ ಬರೀಲೇಬೇಕು ಅಂತಿಲ್ಲ" ಎಂದಳು ಗ್ಲೆನ್ನಾ.

"ನೀನು ನಿನ್ನೆ ಬಂದು ಕರೆದ್ಯಲ್ಲ. ಮಗು ಹೊರಗೆ ನಿಂತಿದೆ ಅಂತ."

"ಹೂಂ."

"ಆಮೇಲೂ ನಾನು..."

"ನೋಡ್ದೆ ಹಾರ್ಲನ್" ಎಂದಳು ಅವಳು, ಕಟ್ಟೆ ಒರೆಸುತ್ತಾ. "ಬಾಗಿಲಲ್ಲೇ ಇದ್ದೆ ನಾನು. ನೋಡ್ದೆ."

ಅವನು ತಲೆ ಬಗ್ಗಿಸಿ ಬರೆದ. ಬಹಳ ಹೊತ್ತು ಬೇಕಾಗಲಿಲ್ಲ.

ಫೋಟೋ ಬೇಕಿತ್ತು. ಕಟ್ಟೆಯ ಹಿಂದೆ ಅಂಟಿಸಿಟ್ಟುಕೊಳ್ಳಲು, ಯಾರು ಕೆಲಸಕ್ಕಿದ್ದರೂ ಗುರುತು ಹಿಡಿದು ತಡೆಯಲು. ಲೈಸೆನ್ಸು ಬಿಟ್ಟುಕೊಡುವಂತಿರಲಿಲ್ಲ, ಅದು ಬಿಟ್ಟರೆ ಪಾಕೀಟಿನಲ್ಲಿದ್ದದ್ದು ಆಸ್ಪತ್ರೆಯ ಕಾರ್ಡು, ಅದರ ಮುಖ ಅಳಿಸಿಹೋಗಿತ್ತು. ಗ್ಲೆನ್ನಾ ಅವನನ್ನು ನೋಡಿದಳು, ಅವನು ಗ್ಲೆನ್ನಾಳನ್ನು ನೋಡಿದ. ಇಬ್ಬರಿಗೂ ಒಂದೇ ಹೊಳೆದದ್ದು.

ಅವಳು ಒಳಗೆ ಹೋಗಿ ಗೋಡೆಯ ಪೋಸ್ಟರನ್ನು ಕಿತ್ತು ತಂದು ಕಟ್ಟೆಯ ಮೇಲೆ ಹರಡಿದಳು. "ದಂಡ ಹಾಕಿದ್ರೆ ಹಾಕ್ಲಿ. ಕಾಫಿ ಚೆಲ್ಲಿತು ಅಂತೀನಿ." ಕತ್ತರಿ ತೆಗೆದುಕೊಂಡು ಟೋಪಿಯ ಸುತ್ತ, ಕಿವಿಯ ಪಕ್ಕ ಮೆಲ್ಲಗೆ ಕತ್ತರಿಸುತ್ತಾ ಬಂದಳು. ನಗುವ ಟಿಲ್ಲಿ ಬೇರೆಯಾದಳು. ಹೆಗಲ ಹತ್ತಿರ ಕತ್ತರಿ ನಿಂತಿತು.

"ಈ ಕೈ ಏನ್ ಮಾಡ್ಲಿ? ತೆಗೀಬೇಕಂದ್ರೆ ನಿನ್ನ ಹೆಗಲೂ ಹೋಗುತ್ತೆ."

"ಇರ್ಲಿ" ಎಂದ ಹಾರ್ಲನ್.

ಹಾಗಾಗಿ ಗ್ಲೆನ್ನಾಳ ಕಟ್ಟೆಯ ಹಿಂದೆ, ಒಳಗೆ ಬಿಡಬಾರದವನ ಚಿತ್ರದಲ್ಲಿ, ಅವನ ಹೆಗಲ ಮೇಲೆ ಯಾರದೆಂದು ತಿಳಿಯದ ಪುಟ್ಟ ಕೈ ಉಳಿಯಿತು. ಹೊರಬಾಗಿಲಿನ ಪೋಸ್ಟರಿನಲ್ಲಿ ಅವನು ಮೊದಲಿನಂತೆಯೇ ನಗುತ್ತಾ ಎಲ್ಲರನ್ನೂ ಒಳಗೆ ಕರೆಯುತ್ತಿದ್ದ. ಮುಂದಿನ ವ್ಯಾನಿನ ದಿನ ಉಳಿದವರು ಕಾಫಿಗೆ ಇಳಿದರು, ಅವನು ವ್ಯಾನಿನಲ್ಲೇ ಕೂತು ಒಂದು ತಾಸು ಆ ಬಾಗಿಲನ್ನು ನೋಡಿದ. ಎಲ್ಡನ್ ಹೊರಗೆ ಬಂದವನು, "ನೋಡ್ರಪ್ಪ, ಇವನು ಊರನ್ನೆಲ್ಲ ಒಳಗೆ ಕಳ್ಸಿ ತಾನು ಹೊರಗೆ ಕೂತಿದಾನೆ" ಎಂದ. ಯಾರೂ ಜಾಸ್ತಿ ನಗಲಿಲ್ಲ.

ಅರ್ಜಿಯ ಒಂದು ಪ್ರತಿ ಅವನದು. ಅದನ್ನು ಅವನು ಸಹಿ ಹಾಕಿದ ದಿನವೇ ಮನೆಗೆ ತಂದು ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತ ಇಟ್ಟು ಸಿಕ್ಕಿಸಿದ್ದ. ಇಲಾಖೆಯವರು ಕಳಿಸಿಕೊಟ್ಟಿದ್ದ ಫೋಟೋ ನವೆಂಬರಿನಿಂದ ತೂಗುತ್ತಿದ್ದ ಜಾಗ ಅದು. ಡ್ರೆಮಾ ಕೆಲಸದಿಂದ ಬಂದು ಹಾಲು ತೆಗೆಯಲು ಹೋದವಳು ನಿಂತು ಓದಿದಳು. ಕೆಳಗಿನ ಎರಡು ಗೆರೆಗೆ ಬಂದಾಗ ಅವಳ ಕೈ ಫ್ರಿಜ್ಜಿನ ಹಿಡಿಯ ಮೇಲೆ ಹಾಗೇ ಉಳಿಯಿತು. ಹಾಲು ತೆಗೆಯದೆ ಹೋಗಿ ಪಾತ್ರೆ ತೊಳೆಯಲು ನಿಂತಳು. ರೋಬರ್ಟಾ ದಿನಾ ಹನ್ನೆರಡೂ ಹತ್ತಕ್ಕೆ ಟಿಲ್ಲಿಯನ್ನು ಬಾಗಿಲಲ್ಲಿ ಬಿಟ್ಟು, ಹಾರ್ಲನ್‌ನ ಮುಖ ನೋಡದೆ ಹೋಗುತ್ತಿದ್ದಳು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಟಿಲ್ಲಿ ಕುರ್ಚಿ ಎಳೆದುಕೊಂಡು ಫ್ರಿಜ್ಜಿನ ಮುಂದೆ ಹತ್ತಿ ನಿಂತಳು. ಶಿಶುವಿಹಾರದಲ್ಲಿ ಆ ತಿಂಗಳು ಎಲ್ಲರಿಗೂ ತಂತಮ್ಮ ಹೆಸರು ಓದಲು ಕಲಿಸಿದ್ದರು. ಅವಳು ಮನೆಯ ಬಿಸ್ಕತ್ತಿನ ಪೊಟ್ಟಣ, ಔಷಧದ ಡಬ್ಬಿ, ಎಲ್ಲದರ ಮೇಲೂ ತನ್ನ ಹೆಸರು ಹುಡುಕುತ್ತಿದ್ದಳು. ಎಲ್ಲೂ ಸಿಕ್ಕಿರಲಿಲ್ಲ.

"ತಾತ, ಸಿಕ್ತು. ಇಲ್ಲಿ ನನ್ ಹೆಸ್ರಿದೆ."

ಬೆರಳು ಎರಡು ಗೆರೆಯ ಮೊದಲ ಪದದ ಮೇಲಿತ್ತು. ಡ್ರೆಮಾ ಪಾತ್ರೆ ತೊಳೆಯುವ ಕಡೆಯಿಂದ ತಿರುಗದೆ, "ಅಪ್ಪ, ಅದನ್ನ ತೆಗೆದುಬಿಡು" ಎಂದಳು. ಅರ್ಜಿ ಓದಿದಾಗಿನಿಂದ ಅವಳು ಅಪ್ಪನೊಡನೆ ತಾನಾಗಿ ಆಡಿದ ಮೊದಲ ಮಾತು. "ಮಗುಗೆ ಅದೆಲ್ಲ ಯಾಕೆ."

"ನನ್ ಹೆಸ್ರು ಯಾಕೆ ಬರ್ದಿದೀಯ? ಮುಂದೆ ಏನಿದೆ? ಓದು."

ಹಾರ್ಲನ್ ಎದ್ದು ಬಂದ. ಕಾಗದ ತೆಗೆಯಲು ಕೈ ಎತ್ತಿದ್ದು ನಿಜ. ನೇರಳೆ ಕಡ್ಡಿ ಎಂದು ಇನ್ನೊಂದು ಸುಳ್ಳು ಹೇಳಿದ್ದರೆ ಅವಳು ಅದನ್ನೂ ನಂಬುತ್ತಿದ್ದಳು. ಇವತ್ತು ನಂಬಿ, ಮುಂದಿನ ವರ್ಷ ಓದುತ್ತಿದ್ದಳು. ಓದಲು ಕಲಿಸುತ್ತಿದ್ದದ್ದು ಅವನದೇ ದುಡ್ಡು.

ಅವಳ ಬೆರಳನ್ನು ತನ್ನ ಬೆರಳಿನಿಂದ ಹಿಡಿದು, ಪದದಿಂದ ಪದಕ್ಕೆ ಸರಿಸುತ್ತಾ, ಮಿಸ್ ಕೋರಾ ಓದಿಸುವ ಹಾಗೆ ನಿಧಾನ ಓದಿದ:

"ಟಿಲ್ಲಿ ಹೊರಗೆ ನಿಂತಿದ್ದಾಳೆ ಎಂದು ಹೇಳಿದರು. ನಾನು ಇನ್ನೊಂದು ಸಲ ಒತ್ತಿದೆ."

ಟಿಲ್ಲಿ ಅದನ್ನು ಯೋಚಿಸಿದಳು. ಹುಬ್ಬು ಗಂಟಿಕ್ಕಿ, ಕಾಗದ ಒಂದು ಸಲ, ಅವನ ಮುಖ ಒಂದು ಸಲ ನೋಡಿದಳು.

"ಬಣ್ಣದ ಕಡ್ಡಿಗಾ?"

"ಅಲ್ಲ ಕಂದ. ಬಣ್ಣದ ಕಡ್ಡಿಗಲ್ಲ. ಅದು ಸುಳ್ಳು ಹೇಳಿದ್ದೆ."

"ಮತ್ಯಾಕೆ ತಾತ?"

ಪಾತ್ರೆ ತೊಳೆಯುವ ಕಡೆ ನೀರಿನ ಸದ್ದು ನಿಂತಿತು. ಡ್ರೆಮಾ ನಲ್ಲಿ ತಿರುಗಿಸಿ ನಿಲ್ಲಿಸಿ, ಒದ್ದೆ ಕೈಯಲ್ಲಿ ಹಾಗೇ ನಿಂತಿದ್ದಳು. ಎಪ್ಪತ್ತಮೂರು ವರ್ಷದ ಹಾರ್ಲನ್ ಬಾಯಿ ತೆರೆದ. ಇಬ್ಬರೂ ಕಾಯುತ್ತಿದ್ದರು. "ಗೊತ್ತಿಲ್ಲ ಕಂದ" ಎಂದು, ಅವಳ ಬೆರಳನ್ನು ಮತ್ತೆ ‘ನಾನು’ ಎಂಬ ಪದದ ಮೇಲಿಟ್ಟ.